ಕೋಲು ನಿಮ್ಮದಿರಬಹುದು, ಹಿಡಿ ನಮ್ಮದು

ಚನ್ನಗಿರಿಯಲ್ಲಿ ಪಿಯುಸಿ ಓದುವಾಗ ನಾನು ಸಂಜೆ ಹೊತ್ತು ಹೋಗುತ್ತಿದ್ದ ಪೂಲ್ ಅಂಗಡಿಯ ಗೋಡೆ ಮೇಲೆ ಮೂರು ಸೂಚನೆಗಳಿದ್ದವು. ಟೇಬಲ್ ಮೇಲೆ ಕೂರಬಾರದು. ಬಟ್ಟೆ ಹರಿದರೆ ಹರಿದವರೇ ಹೊಣೆ. ಮೂರನೆಯದು ಮಾತ್ರ ಕೆಂಪು ಬಣ್ಣದಲ್ಲಿ, ಉಳಿದೆರಡಕ್ಕಿಂತ ದಪ್ಪ ಅಕ್ಷರದಲ್ಲಿತ್ತು: ‘ಸ್ಟಿಕ್‌ಗೆ ಏನನ್ನೂ ಸುತ್ತಬಾರದು. ದಂಡ 200 ರೂ.’

ಆ ಮೂರನೆಯ ಸೂಚನೆ ಗೋಡೆ ಹತ್ತಿದ್ದು ನನ್ನಿಂದ. ಅಂಗಡಿಯಲ್ಲಿದ್ದದ್ದು ಒಂದು ಟೇಬಲ್, ಆರು ಕೋಲು. ಆರರಲ್ಲಿ ಎರಡು ಬಾಗಿದ್ದವು, ಒಂದರ ತುದಿಯ ಚರ್ಮ ಬಿದ್ದುಹೋಗಿತ್ತು. ಉಳಿದ ಮೂರರಲ್ಲಿ ಒಂದು ನನಗೆ ಒಗ್ಗಿತ್ತು. ಆದರೆ ಅದರ ಹಿಂಭಾಗಕ್ಕೆ ಬಳಿದಿದ್ದ ವಾರ್ನಿಶ್ ಬೇಸಿಗೆಯಲ್ಲಿ ಅಂಗೈ ಬೆವರಿಗೆ ಅಂಟುತ್ತಿತ್ತು, ಮಳೆಗಾಲದಲ್ಲಿ ಜಾರುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಚಪ್ಪಲಿ ಹೊಲಿಯುವ ದಾರದ ಉಂಡೆ ತಂದು, ಮೂಲೆಯಲ್ಲಿ ಕೂತು, ಕೋಲಿನ ಹಿಂಭಾಗಕ್ಕೆ ಅಡಿಯುದ್ದ ಸುತ್ತಿದೆ. ಗೋಂದಿಲ್ಲ, ಟೇಪಿಲ್ಲ, ಗಂಟಿಲ್ಲ. ಎರಡು ದಿನ ಎಲ್ಲರೂ ಅದರಲ್ಲೇ ಆಡಿದರು, ಯಾರೂ ತಕರಾರು ತೆಗೆಯಲಿಲ್ಲ. ಮೂರನೇ ದಿನ ಮಾಲೀಕರ ಕಣ್ಣಿಗೆ ಬಿತ್ತು. ಎಲ್ಲರ ಎದುರಿಗೆ ಬ್ಲೇಡು ತಗೊಂಡು ಉದ್ದಕ್ಕೆ ಸೀಳಿ ಕಿತ್ತರು. ಸೀಳುವಾಗ ಬ್ಲೇಡು ಮರಕ್ಕೂ ತಾಗಿ ಗೀರು ಬಿತ್ತು. ‘ನಿಮ್ಮಪ್ಪಂದೇನ್ಲೇ ಸ್ಟಿಕ್ಕು?’ ಅಂದರು. ‘ಅಲ್ಲಣ್ಣ’ ಅಂದೆ. ಅಷ್ಟೇ ಹೇಳಲು ಬಂದದ್ದು.

ಈಗ ಹೇಳುತ್ತೇನೆ. ಕೋಲು ನಿಮ್ಮದೇ ಅಣ್ಣ, ಅದಕ್ಕೆ ದುಡ್ಡು ಕೊಟ್ಟವರು ನೀವು. ಆದರೆ ಅದರ ಹಿಂದಿನ ಒಂದು ಅಡಿಯ ಮೇಲೆ ನಿಮ್ಮ ಅಧಿಕಾರ ನಡೆಯಕೂಡದು. ಆ ಒಂದು ಅಡಿಯಲ್ಲಿ ನನ್ನ ಮೈ ಇದೆ. ಯಾವ ಉಪಕರಣವಾದರೂ ಸರಿ, ಅದರ ಹಿಡಿ ಹೇಗಿರಬೇಕು ಅಂತ ತೀರ್ಮಾನಿಸಬೇಕಾದವರು ಹಿಡಿಯುವವರು. ಕೊಂಡವರಲ್ಲ, ಮಾರುವವರಲ್ಲ, ಸಬ್ಸಿಡಿ ಕೊಡುವವರೂ ಅಲ್ಲ.

ಇದನ್ನು ಬರೆಯುತ್ತೇನೆ ಅಂದಾಗ ಸಾಹಿತ್ಯದ ಗೆಳೆಯರೊಬ್ಬರು ನಕ್ಕರು. ‘ಪೂಲ್ ಆಡೋ ಪೋಲಿ ಹುಡುಗರ ಶೋಕಿ ಅದು. ಅದರ ಮೇಲೆ ಪ್ರಬಂಧವೇ?’ ಅವರ ಮನೆಯಲ್ಲಿ ನಾಲ್ಕು ಫೌಂಟನ್ ಪೆನ್ನುಗಳಿವೆ. ಯಾವ ಪೆನ್ನಿನ ಕುತ್ತಿಗೆ ತಮ್ಮ ಬೆರಳಿಗೆ ಹೇಗೆ ಕೂರುತ್ತದೆ ಅಂತ ಅವರು ಅರ್ಧ ಗಂಟೆ ಮಾತಾಡಬಲ್ಲರು, ಆಗ ಅದು ಅಭಿರುಚಿ. ನ್ಯಾಮತಿಯ ಹುಡುಗನೊಬ್ಬ ಪೂಲ್ ಕೋಲಿಗೆ ಸೈಕಲ್ ಟ್ಯೂಬು ಸುತ್ತಿದರೆ ಶೋಕಿ. ಬರೆಯುವ ಕೈಗೆ ಸೂಕ್ಷ್ಮ ಇರುತ್ತದೆ, ಉಳಿದ ಕೈಗಳು ಒರಟು ಅನ್ನುವ ನಂಬಿಕೆ ನಮ್ಮ ಓದಿದವರಲ್ಲಿ ಎಷ್ಟು ಆಳಕ್ಕಿಳಿದಿದೆ ಅಂದರೆ, ಅದು ನಂಬಿಕೆ ಅನ್ನುವುದೇ ಅವರಿಗೆ ಮರೆತಿದೆ. ನನ್ನ ಜಗಳ ಅಂಗಡಿಯ ಮಾಲೀಕರ ಜೊತೆಗಿಂತ ಹೆಚ್ಚಾಗಿ ಇಂಥವರ ಜೊತೆ.

ಮೊದಲು ಕೋಲಿನ ವಿಷಯ ಸರಿಯಾಗಿ ಹೇಳಿಬಿಡುತ್ತೇನೆ. ಇದರ ಇಂಗ್ಲಿಷ್ ಹೆಸರು ಕ್ಯೂ. ರೇಷನ್ ಅಂಗಡಿ ಮುಂದೆ ನಿಲ್ಲುತ್ತೇವಲ್ಲ, ಆ ಕ್ಯೂ ಕೂಡ ಇದೇ. ಎರಡೂ ಬಂದದ್ದು ಬಾಲ ಎಂಬ ಅರ್ಥದ ಒಂದೇ ಫ್ರೆಂಚ್ ಪದದಿಂದ. ಹಿಂದಿನ ಕಾಲದ ಬಿಲಿಯರ್ಡ್ಸ್ ಆಟಗಾರರ ಕೈಯಲ್ಲಿದ್ದದ್ದು ಮುಂದೆ ದಪ್ಪ ತಲೆ ಇದ್ದ ದೊಣ್ಣೆ, ಅದರಿಂದ ಚೆಂಡನ್ನು ತಳ್ಳುತ್ತಿದ್ದರು. ಚೆಂಡು ಟೇಬಲ್ಲಿನ ಅಂಚಿಗೆ ಒತ್ತಿಕೊಂಡು ನಿಂತರೆ ಆ ದಪ್ಪ ತಲೆ ಅಲ್ಲಿಗೆ ಹೋಗುತ್ತಿರಲಿಲ್ಲ. ಆಗ ಆಟಗಾರರು ದೊಣ್ಣೆಯನ್ನು ತಿರುಗಿಸಿ ಬಾಲದ ಕಡೆಯಿಂದ ಹೊಡೆಯತೊಡಗಿದರು. ಬರಬರುತ್ತ ಬಾಲವೇ ಕೋಲಾಯಿತು, ತಲೆ ಬಿದ್ದುಹೋಯಿತು. 19ನೇ ಶತಮಾನದ ಆರಂಭದಲ್ಲಿ ಮಿಂಗೋ ಎಂಬ ಫ್ರೆಂಚ್ ಸೈನ್ಯಾಧಿಕಾರಿ ಅದರ ತುದಿಗೆ ಚರ್ಮ ಕೂರಿಸಿದ, ಚೆಂಡಿಗೆ ತಿರುಗು ಕೊಡಲು ಸಾಧ್ಯವಾಯಿತು. ಅಂದರೆ ಇಡೀ ಆಟ ನಿಂತಿರುವುದೇ ಕೊಟ್ಟ ಕೋಲನ್ನು ಕೊಟ್ಟ ಹಾಗೆ ಹಿಡಿಯದವರ ಮೇಲೆ. ಅಂಥ ಆಟದ ಅಂಗಡಿಯಲ್ಲಿ ‘ಏನನ್ನೂ ಸುತ್ತಬಾರದು’ ಅಂತ ಬೋರ್ಡು!

ಪೂಲ್ ಕೋಲು ಸಾಮಾನ್ಯವಾಗಿ 57–58 ಇಂಚು ಉದ್ದ, ತೂಕ 18ರಿಂದ 21 ಔನ್ಸ್, ನಮ್ಮ ಲೆಕ್ಕದಲ್ಲಿ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಅದನ್ನು ಗಟ್ಟಿಯಾಗಿ ಹಿಡಿದರೆ ಆಟ ಕೆಡುತ್ತದೆ. ಮುಷ್ಟಿ ಬಿಗಿದರೆ ಮಣಿಕಟ್ಟು ಬಿಗಿಯುತ್ತದೆ, ಮಣಿಕಟ್ಟು ಬಿಗಿದರೆ ಕೋಲು ನೇರ ಹೋಗದೆ ಒಂದು ಕಡೆ ಎಳೆಯುತ್ತದೆ. ಎರಡು ಮೂರು ಬೆರಳಿನ ಮೇಲೆ ತೂಗುಹಾಕಿದ ಹಾಗೆ ಹಿಡಿಯಬೇಕು. ಆದರೆ ಕೋಲು ಜಾರುತ್ತದೆ ಅನ್ನುವ ಅನುಮಾನ ಕೈಗೆ ಒಮ್ಮೆ ಬಂತೋ, ಮನಸ್ಸು ಬೇಡ ಅಂದರೂ ಕೈ ಬಿಗಿಯುತ್ತದೆ. ಸುತ್ತು ಇರುವುದು ಇದಕ್ಕೆ. ಬಿಗಿಯಾಗಿ ಹಿಡಿಯಲಿ ಅಂತ ಅಲ್ಲ, ಬಿಗಿಯಾಗಿ ಹಿಡಿಯುವ ಅಗತ್ಯ ಬೀಳದಿರಲಿ ಅಂತ.

ಹೊರದೇಶದ ಒಳ್ಳೆಯ ಪೂಲ್ ಕೋಲುಗಳಿಗೆ ಐರಿಷ್ ಲಿನನ್ ದಾರ ಸುತ್ತುತ್ತಾರೆ. ಹೆಸರು ಕೇಳಿದರೆ ಏನೋ ದೊರೆಗಳ ವಸ್ತು ಅನ್ನಿಸುತ್ತದೆ. ಲಿನನ್ ಅಂದರೆ ಅಗಸೆ ನಾರು. ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿ ತಿನ್ನುವ ಅದೇ ಅಗಸೆ. ಬೀಜದ ಎಣ್ಣೆಯನ್ನು ಕ್ರಿಕೆಟ್ ಬ್ಯಾಟಿಗೆ ಹಚ್ಚುತ್ತೇವೆ, ಕಾಂಡದ ನಾರು ಅವರ ಕೋಲಿಗೆ ಹೋಗುತ್ತದೆ. ಅದನ್ನು ಆಯ್ಕೆ ಮಾಡಿದ್ದು ಬೆವರು ಹೀರುತ್ತದೆ, ಗಟ್ಟಿ, ಉದ್ದ ಎಳೆ ಅನ್ನುವ ಕಾರಣಕ್ಕೆ. ಚರ್ಮ ಸುತ್ತುವವರೂ ಇದ್ದಾರೆ, ರಬ್ಬರ್ ತೋಳು ಏರಿಸುವವರೂ ಇದ್ದಾರೆ. ಚರ್ಮ ಕೈಗೆ ಬೆಚ್ಚಗೆ, ಆದರೆ ಹಿಂಬದಿಯ ತೂಕ ಹೆಚ್ಚುತ್ತದೆ. ಹಿಂದೆ ತೂಕ ಹೆಚ್ಚಿದರೆ ಕೋಲನ್ನು ಬೆರಳ ಮೇಲೆ ಇಟ್ಟಾಗ ತಕ್ಕಡಿ ನಿಲ್ಲುವ ಜಾಗ ಹಿಂದಕ್ಕೆ ಸರಿಯುತ್ತದೆ, ಮುಂದಿನ ತುದಿ ಹಗುರ ಅನ್ನಿಸುತ್ತದೆ. ಕೆಲವರಿಗೆ ಅದು ಬೇಕು, ಕೆಲವರಿಗೆ ಬೇಡ. ಅದನ್ನು ಆ ಕೈಯೇ ಹೇಳಬೇಕು.

ಇಲ್ಲಿ ಒಬ್ಬರು ಎದ್ದು ನಿಂತು ಸ್ನೂಕರ್ ಕೋಲಿಗೆ ಸುತ್ತೇ ಇರುವುದಿಲ್ಲವಲ್ಲ ಅನ್ನುತ್ತಾರೆ. ನಿಜ. 1875ರಲ್ಲಿ ಜಬಲ್ಪುರದ ಬ್ರಿಟಿಷ್ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ ಹುಟ್ಟಿ, 1882ರಲ್ಲಿ ಊಟಿ ಕ್ಲಬ್ಬಿನಲ್ಲಿ ನಿಯಮ ಬರೆಸಿಕೊಂಡ ಆ ಆಟದಲ್ಲಿ ಹಿಂಭಾಗ ಬರಿ ಮರ. ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದು ಬಂದ ಮೇಲೆ ನಮ್ಮ ಕಡೆಯ ಹುಡುಗರಿಗೂ ಕೋಲು ಹಿಡಿಯುವ ಹುಚ್ಚು ಹತ್ತಿತು, ಜೊತೆಗೆ ‘ದೊಡ್ಡ ಆಟಗಾರರು ಏನೂ ಸುತ್ತಲ್ಲ’ ಅನ್ನುವ ಉಪದೇಶವೂ ಬಂತು. ಉಪದೇಶ ಅರ್ಧ ಸತ್ಯ. ಸ್ನೂಕರ್‌ನಲ್ಲಿ ಮೇಲಿನ ಮಟ್ಟದ ಆಟಗಾರ ತನ್ನ ಕೋಲನ್ನು ತಾನೇ ಆರಿಸುತ್ತಾನೆ. ಹಿಂಭಾಗದ ದಪ್ಪ, ಉದ್ದ, ತೂಕ, ಯಾವ ಮರ ಎಲ್ಲವನ್ನೂ ತನ್ನ ಕೈಗೆ ಹೇಳಿ ಮಾಡಿಸಿಕೊಳ್ಳಬಹುದು, ವರ್ಷಗಟ್ಟಲೆ ಅದೊಂದನ್ನೇ ಹಿಡಿಯುತ್ತಾನೆ, ಬೇರೆಯವರಿಗೆ ಮುಟ್ಟಲು ಕೊಡುವುದಿಲ್ಲ. ಅವನ ಸುತ್ತು ಮರದೊಳಗೇ ಇದೆ. ಆರು ಕೋಲಿಗೆ ನಲವತ್ತು ಹುಡುಗರು ಇರುವ ಕಡೆ ಬಂದು ಅವನ ಬರಿ ಮರವನ್ನು ಆದರ್ಶ ಅಂತ ತೋರಿಸುವುದು ಮೋಸ.

ಆಟದ ನಿಯಮಗಳಿಗಂತೂ ಇದರಲ್ಲಿ ತಕರಾರಿಲ್ಲ. ಪೂಲ್‌ನಲ್ಲಿ ಕೋಲು 40 ಇಂಚಿಗಿಂತ ಗಿಡ್ಡ ಇರಬಾರದು, 25 ಔನ್ಸ್ ಮೀರಬಾರದು, ತುದಿ 14 ಮಿ.ಮೀ.ಗಿಂತ ಅಗಲ ಇರಬಾರದು. ಕ್ರಿಕೆಟ್ಟಿನ ಕಾನೂನು ಬ್ಯಾಟಿನ ಹಿಡಿಗೆ ಗ್ರಿಪ್ ಹಾಕಿಕೊಳ್ಳಲು ಒಪ್ಪುತ್ತದೆ. ಒಪ್ಪದಿರುವುದು ಚನ್ನಗಿರಿಯ ಗೋಡೆ ಮಾತ್ರ.

ಮಾಲೀಕರ ಪರವಾಗಿಯೂ ಒಂದು ಮಾತು ಹೇಳಬೇಕು. ಹುಡುಗರು ಸುತ್ತುವ ರೀತಿ ಬಹಳ ಸಲ ಕೆಟ್ಟದಾಗಿರುತ್ತದೆ. ಇನ್ಸುಲೇಷನ್ ಟೇಪು ಹಚ್ಚುತ್ತಾರೆ, ಬೇಸಿಗೆಗೆ ಅದರ ಅಂಟು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಫೆವಿಕ್ವಿಕ್ ಹಾಕುತ್ತಾರೆ, ಕೀಳುವಾಗ ಬಣ್ಣದ ಸಮೇತ ಬರುತ್ತದೆ. ಸೈಕಲ್ ಟ್ಯೂಬಿನ ಒಳಗೆ ಬೆವರು ನಿಂತು ಮರ ಕಪ್ಪಾಗುತ್ತದೆ. ಇದೆಲ್ಲ ಕಂಡ ಮಾಲೀಕರಿಗೆ ಸಿಟ್ಟು ಬರುವುದು ಸಹಜ. ಆದರೆ ಕೆಟ್ಟದಾಗಿ ಸುತ್ತುತ್ತಾರೆ ಅನ್ನುವುದಕ್ಕೆ ಉತ್ತರ ಚೆನ್ನಾಗಿ ಸುತ್ತುವುದನ್ನು ಕಲಿಸುವುದು. ನನಗೆ ಕಲಿಸಿದವರು ಒಬ್ಬರಿದ್ದರು, ಅವರು ಜೀವಮಾನದಲ್ಲಿ ಪೂಲ್ ಟೇಬಲ್ ಕಂಡವರಲ್ಲ.

ನಾನಾಗ ಬಾಡಿಗೆಗಿದ್ದ ಕೋಣೆ ಒಂದು ಅಡಿಕೆ ಮನೆಯ ಹಿಂದೆ. ಸುಗ್ಗಿಯಲ್ಲಿ ಅಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೆ ಬಲ್ಬು ಉರಿಯುತ್ತಿತ್ತು. ತೋಟ ಖೇಣಿ ಹಿಡಿದವರು ಹಸಿ ಅಡಿಕೆ ತಂದು ಸುರಿಯುತ್ತಿದ್ದರು, ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಈಗ ಬಹುಪಾಲು ಕಡೆ ಸುಲಿಯುವ ಯಂತ್ರ ಬಂದಿದೆ, ಆಗಿನ್ನೂ ಕೈಯ ಕೆಲಸವೇ ಹೆಚ್ಚು. ಮಣೆಗೆ ಕೂರಿಸಿದ ಕತ್ತಿ, ಅದರ ಅಲಗಿಗೆ ಕಾಯಿ ಒತ್ತಿ, ತಿರುವಿ, ಸಿಪ್ಪೆ ಎಳೆಯಬೇಕು. ಸುಲಿದಷ್ಟಕ್ಕೆ ಕೂಲಿ. ಹಸಿ ಸಿಪ್ಪೆಯ ಒಗರು ಬೆರಳಿಗೆ ಹತ್ತಿ ಕಪ್ಪಾಗುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಅಲ್ಲಿಗೆ ಜಗಳೂರು ಕಡೆಯಿಂದ ಸುಗ್ಗಿಗೆ ಬಂದ ಒಬ್ಬಾಕೆ ಇದ್ದರು. ನಾನು ‘ಅವ್ವ’ ಅನ್ನುತ್ತಿದ್ದೆ. ಅವರ ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಅದು. ಅವರು ಕೆಲಸಕ್ಕೆ ಕೂರುವ ಮುಂಚೆ ಹಳೆ ಸೀರೆಯ ಬೆರಳಗಲದ ಪಟ್ಟಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಸುತ್ತಿಕೊಳ್ಳುತ್ತಿದ್ದರು, ಅದರ ಮೇಲೆ ದಾರ. ಗಮನಿಸಿ, ಕತ್ತಿಗೆ ಸುತ್ತುತ್ತಿರಲಿಲ್ಲ. ಆ ಕತ್ತಿಗೆ ಹಿಡಿಯೇ ಇಲ್ಲ, ಸುತ್ತಲು ಜಾಗವೂ ಇಲ್ಲ. ಉಪಕರಣಕ್ಕೆ ಸುತ್ತಲು ಆಗದಿದ್ದರೆ ತನ್ನನ್ನೇ ಸುತ್ತಿಕೊಳ್ಳಬೇಕು. ಸುತ್ತು ಎಲ್ಲಾದರೂ ಒಂದು ಕಡೆ ಬೀಳಲೇಬೇಕಲ್ಲ, ಕೋಲಿಗೆ ಬೀಳದಿದ್ದರೆ ಬೆರಳಿಗೆ. ಈ ಪ್ರಬಂಧದಲ್ಲಿ ನನಗೆ ಹೇಳಬೇಕಿರುವುದರ ಮುಕ್ಕಾಲು ಪಾಲು ಇದೇ.

ಬಲಗೈಗೆ ಎಡಗೈ ಒಂದರಿಂದಲೇ ಸುತ್ತಬೇಕು, ಗಂಟು ಹಾಕುವ ಹಾಗಿಲ್ಲ. ಗಂಟು ಇದ್ದರೆ ಸಿಪ್ಪೆಯ ನಾರು ಅದಕ್ಕೆ ಸಿಕ್ಕಿಕೊಂಡು ಕೈ ಅಲಗಿನ ಕಡೆ ಎಳೆಯುತ್ತದೆ. ಅವ್ವ ಮಾಡುತ್ತಿದ್ದದ್ದು ಹೀಗೆ: ದಾರದ ಮೊದಲ ತುದಿಯನ್ನು ಬೆರಳಿನುದ್ದಕ್ಕೆ ಮಲಗಿಸಿ ಅದರ ಮೇಲೆಯೇ ಸುತ್ತುತ್ತ ಹೋಗುವುದು, ನಾಲ್ಕಾರು ಸುತ್ತಿಗೆ ತುದಿ ತಾನಾಗಿ ಹೂತುಹೋಗುತ್ತದೆ. ಮುಗಿಯುವ ಮುಂಚೆ ಬೇರೊಂದು ತುಂಡು ದಾರವನ್ನು ಮಡಚಿ ಕುಣಿಕೆಯ ಹಾಗೆ ಉದ್ದಕ್ಕಿಟ್ಟು, ಕೊನೆಯ ಏಳೆಂಟು ಸುತ್ತನ್ನು ಅದರ ಮೇಲೆ ಹಾಕುವುದು. ಉಳಿದ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಕುಣಿಕೆಯ ಬಾಲವನ್ನು ಹಲ್ಲಲ್ಲಿ ಕಚ್ಚಿ ಎಳೆದರೆ ತುದಿ ಸುತ್ತುಗಳ ಅಡಿಗೆ ಹೋಗಿ ಕೂರುತ್ತದೆ. ಮಿಕ್ಕ ದಾರವನ್ನು ಅದೇ ಕತ್ತಿಗೆ ಒತ್ತಿ ಕತ್ತರಿಸುವುದು. ಇಷ್ಟಕ್ಕೆಲ್ಲ ಅವರಿಗೆ ಬೇಕಿದ್ದದ್ದು ಒಂದು ನಿಮಿಷ.

ನಾನು ಕೋಲಿಗೆ ಮಾಡಿದ್ದೂ ಅದನ್ನೇ. ಲೆಕ್ಕ ಬೇಕಾದವರಿಗೆ ಲೆಕ್ಕ: ಹಿಡಿಯುವ ಜಾಗದಲ್ಲಿ ಕೋಲಿನ ದಪ್ಪ ಸುಮಾರು 30 ಮಿ.ಮೀ., ಒಂದು ಸುತ್ತಿಗೆ ಹೆಚ್ಚುಕಡಿಮೆ 94 ಮಿ.ಮೀ. ದಾರ. ಮಿಲಿಮೀಟರು ದಪ್ಪದ ದಾರವನ್ನು ಒತ್ತೊತ್ತಾಗಿ ಸುತ್ತಿದರೆ ಒಂದು ಅಡಿಗೆ 300 ಸುತ್ತು ಬೀಳುತ್ತದೆ, ಒಟ್ಟು 28–29 ಮೀಟರ್. ಹಿಡಿ ಎರಡು ಮಿಲಿಮೀಟರ್ ದಪ್ಪವಾಗುತ್ತದೆ. ಎರಡು ಮಿಲಿಮೀಟರ್ ಏನು ಮಹಾ ಅನ್ನಬೇಡಿ, ಬೆರಳ ತುದಿ ಅಂಗೈಗೆ ಚುಚ್ಚುವುದಕ್ಕೂ ಸುಮ್ಮನೆ ತಾಗಿ ನಿಲ್ಲುವುದಕ್ಕೂ ಇರುವ ಅಂತರ ಅಷ್ಟೇ. ದಾರವನ್ನು ಒದ್ದೆ ಮಾಡಿ ಸುತ್ತಬಾರದು, ಒಣಗಿದ ಮೇಲೆ ಸಡಿಲಾಗುತ್ತದೆ. ಒಂದೇ ಬಿಗುವಿನಲ್ಲಿ ಎಳೆಯಬೇಕು, ಅದಕ್ಕೆ ಒಬ್ಬರು ಕೋಲು ತಿರುಗಿಸುತ್ತ ಇನ್ನೊಬ್ಬರು ದಾರ ಬಿಡುತ್ತ ಹೋದರೆ ಸರಿ. ಕಾರ್ಖಾನೆಯಲ್ಲಿ ಈ ಕೆಲಸಕ್ಕೆ ಕೋಲನ್ನು ಲೇತಿಗೆ ಕಟ್ಟುತ್ತಾರೆ. ದಾರ ಮರದ ಮಟ್ಟಕ್ಕೇ ಕೂರಲಿ ಅಂತ ಮೊದಲೇ ಒಂದು ತಗ್ಗು ಕಡೆದಿರುತ್ತಾರೆ, ಸುತ್ತಿದ ಮೇಲೆ ಉಜ್ಜಿ ಒತ್ತಿ ನುಣುಪು ಮಾಡುತ್ತಾರೆ. ನಮಗೆ ಒಂದು ಸ್ಟೀಲ್ ಲೋಟದ ಬೆನ್ನು ಸಾಕು. ಸುತ್ತು ಬೇಡವಾದ ದಿನ ಒಂದು ತುದಿ ಎಬ್ಬಿಸಿ ಎಳೆದರೆ ಇಡೀ ದಾರ ಬಿಚ್ಚಿ ಬರುತ್ತದೆ, ಮರದ ಮೇಲೆ ಗುರುತೂ ಉಳಿಯುವುದಿಲ್ಲ. ಬ್ಲೇಡಿನ ಅಗತ್ಯವೇ ಇರಲಿಲ್ಲ, ಕೇಳಿದ್ದರೆ ನಾನೇ ಬಿಚ್ಚಿ ಕೊಡುತ್ತಿದ್ದೆ.

ಅವ್ವನ ಬೆರಳಿನ ಪಟ್ಟಿಗೆ ದುಡ್ಡು ಕೊಟ್ಟವರು ಯಾರು? ಅವರೇ. ಸುತ್ತುವ ನಿಮಿಷ ಯಾರದು? ಅವರದೇ. ಸಂಜೆ ಹೊತ್ತಿಗೆ ಪಟ್ಟಿ ತೋಯ್ದು ಸಡಿಲಾಗಿ ಮತ್ತೆ ಸುತ್ತಬೇಕು, ಆ ಹೊತ್ತಿಗೆ ಕೂಲಿ ಇಲ್ಲ. ಮಣೆ ಕತ್ತಿ ಒಡೆಯರದು, ಅಡಿಕೆ ಒಡೆಯರದು, ಗಾಯ ಮಾತ್ರ ಅವರ ಖಾಸಗಿ ಆಸ್ತಿ. ಒಂದು ಸಲ ಖೇಣಿದಾರರ ಕಡೆಯವರು ‘ಏನವ್ವ, ಮದುವೆ ಹೆಣ್ಣಿನ ಥರ ಸಿಂಗಾರ ಮಾಡ್ಕೊಂತಿ, ಕೈ ಬೇಗ ಆಡ್ಲಿ’ ಅಂದದ್ದು ನನ್ನ ಕಿವಿಯಲ್ಲೇ ಇದೆ. ಅದು ಸಿಂಗಾರವಂತೆ! ಪೂಲ್ ಕೋಲಿನ ಸುತ್ತನ್ನು ಶೋಕಿ ಅಂದ ನನ್ನ ಗೆಳೆಯರ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಕೈ ತನ್ನನ್ನು ತಾನು ಕಾಪಾಡಿಕೊಳ್ಳುವುದು ನೋಡುವವರ ಕಣ್ಣಿಗೆ ಅಲಂಕಾರವಾಗಿ ಕಾಣುತ್ತದೆ, ಯಾಕೆಂದರೆ ನೋಡುವವರ ಕೈ ಅಲ್ಲಿಲ್ಲ.

ಇದು ಹಳೆಯ ಕತೆ, ಈಗ ಯಂತ್ರ ಬಂದಿದೆಯಲ್ಲ ಅಂದರೆ ಹೊಸದನ್ನೇ ನೋಡೋಣ. ಅಡಿಕೆ ಕೊಯ್ಯಲು ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ, ಹತ್ತಿ ಬಿದ್ದವರ ಸಂಖ್ಯೆ ಊರೂರಿಗೂ ಗೊತ್ತು, ಹಾಗಾಗಿ ನೆಲದ ಮೇಲೆ ನಿಂತು ಗೊನೆ ಇಳಿಸುವ ದೋಟಿ ಒಳ್ಳೆಯದೇ. ತಮಾಷೆ ಎಂದರೆ ದುಬಾರಿ ಪೂಲ್ ಕೋಲುಗಳ ಮುಂಭಾಗವನ್ನೂ ಈಗ ಇದೇ ಕಾರ್ಬನ್ ಫೈಬರಿನಲ್ಲಿ ಮಾಡುತ್ತಾರೆ. ಎರಡೂ ಒಳಗೆ ಟೊಳ್ಳಾದ, ಕಪ್ಪಗೆ ಹೊಳೆಯುವ, ಹಗುರದ ಕೊಳವೆಗಳು. ಪೂಲ್ ಕೋಲು ಮಾರುವವರು ಹಿಂಭಾಗಕ್ಕೆ ಲಿನನ್ ಬೇಕೋ, ಚರ್ಮ ಬೇಕೋ, ಬರಿ ಮರವೇ ಸಾಕೋ ಅಂತ ಆಯ್ಕೆ ಇಟ್ಟಿರುತ್ತಾರೆ. ಅರವತ್ತು ಅಡಿ ಮೇಲಕ್ಕೆ ದೋಟಿ ಎತ್ತಿ, ಕತ್ತು ಮೇಲೆ ಮಾಡಿ, ಮಳೆ ಹನಿಯುವ ತೋಟದಲ್ಲಿ ದಿನವಿಡೀ ನಿಲ್ಲುವವನನ್ನು ಯಾರೂ ಕೇಳುವುದಿಲ್ಲ. ನಾನು ಹಿಡಿದು ನೋಡಿದ ದೋಟಿಗಳಲ್ಲಿ ಹಿಡಿಯುವ ಜಾಗವೂ ಉಳಿದ ಜಾಗದ ಹಾಗೇ ನುಣ್ಣಗಿತ್ತು. ಚನ್ನಗಿರಿ ಹತ್ತಿರದ ತೋಟವೊಂದರಲ್ಲಿ ಹುಡುಗನೊಬ್ಬ ಕೆಳಗಿನ ತುಂಡಿಗೆ ಬ್ಯಾಡ್ಮಿಂಟನ್ ಬ್ಯಾಟಿನ ಟವೆಲ್ ಗ್ರಿಪ್ ಸುತ್ತಿದ್ದ. ಕೆಳಗಿನದಕ್ಕೆ ಮಾತ್ರ ಸುತ್ತಬಹುದು, ಮೇಲಿನ ತುಂಡುಗಳು ಒಂದರೊಳಗೊಂದು ಜಾರಬೇಕು. ‘ಸಾವ್ಕಾರ್ರು ಬೈಯಲ್ವೇನಪ್ಪ?’ ಅಂದೆ. ‘ಅವರು ಬರಾದ್ರೊಳಗೆ ಬಿಚ್ಚಿಡ್ತೀನಣ್ಣ’ ಅಂದ. (ಮಾತು ಬಂತು ಅಂತ ಹೇಳುತ್ತೇನೆ: ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ವಿದ್ಯುತ್ ತಂತಿ ಇದ್ದರೆ ಈ ದೋಟಿ ಯಮ. ಯಾವ ಟವೆಲ್ಲೂ, ಟ್ಯೂಬೂ ಉಳಿಸುವುದಿಲ್ಲ.)

ಕೈಯ ಅಳತೆ ಯಾರಿಗೂ ಗೊತ್ತಿಲ್ಲ ಅಂತಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ದೇಶದ ಹಲವು ರಾಜ್ಯಗಳ ಕೃಷಿ ಕೆಲಸಗಾರರನ್ನು, ಗಂಡಸರನ್ನೂ ಹೆಂಗಸರನ್ನೂ, ಅಳೆದು 2009ರಲ್ಲಿ ಪುಸ್ತಕ ಮಾಡಿದ್ದಾರೆ. ಮುಷ್ಟಿಯೊಳಗೆ ಎಷ್ಟು ದಪ್ಪದ ಹಿಡಿ ಕೂರುತ್ತದೆ ಅನ್ನುವುದೂ ಅದರಲ್ಲಿರುವ ಒಂದು ಅಳತೆ. ಹೆಂಗಸರ ಕೈ ಸರಾಸರಿಯಲ್ಲಿ ಚಿಕ್ಕದು ಅಂತ ಹೇಳಲು ಪುಸ್ತಕವೂ ಬೇಕಿಲ್ಲ. ಆದರೂ ಹೊನ್ನಾಳಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗುದ್ದಲಿಗೆ ಕಾವು ಕೇಳಿ. ಎಲ್ಲ ಒಂದೇ ದಪ್ಪ. ಕಳೆ ತೆಗೆಯುವವರಲ್ಲಿ ಹೆಂಗಸರೇ ಹೆಚ್ಚು, ಕಾವು ಮಾತ್ರ ಗಂಡಸಿನ ಕೈಗೆ. ಹಿಂದೆ ಊರ ಬಡಗಿ ಹೊಲದವಳ ಕೈ ನೋಡಿ ಕಾವು ಕೆತ್ತಿಕೊಡುತ್ತಿದ್ದ ಅಂತ ಹಳಹಳಿಸಲು ನಾನು ತಯಾರಿಲ್ಲ. ಅವನೂ ಕೆತ್ತುತ್ತಿದ್ದದ್ದು ಮನೆಯ ಯಜಮಾನನ ಕೈ ನೋಡಿಯೇ ಇರಬೇಕು.

ನನ್ನ ತಾತನ ಬಾರುಕೋಲಿನ ಮಾತು ಬೇರೆ, ಅದು ಅವರೊಬ್ಬರದೇ ಆಗಿತ್ತು. ನಮ್ಮದು ಹೊನ್ನಾಳಿ ಕಡೆಯ ಊರು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದಾದ ಮೇಲೆ ಬಾರುಕೋಲಿನ ಹಿಡಿಗೂ ಹೊಸ ಸುತ್ತು ಬೀಳುತ್ತಿತ್ತು. ಕೆಂಪು, ಹಸಿರು ದಾರ, ಕೆಳಗೊಂದು ಗೊಂಡೆ. ಗೊಂಡೆ ನೋಡಲು ಚೆಂದ ಅಂತ ನಾನು ಅಂದುಕೊಂಡಿದ್ದೆ. ಬೀಸುವಾಗ ಕೈ ಜಾರಿದರೆ ಕಿರುಬೆರಳು ಅದಕ್ಕೆ ತಡೆದು ಕೋಲು ಕೈಯಲ್ಲೇ ಉಳಿಯುತ್ತದೆ ಅಂತ ತಾತ ತೋರಿಸಿದರು. ಚೆಂದವೂ ಹೌದು, ಕೆಲಸವೂ ಹೌದು. ನಾನು ಕೋಲಿಗೆ ಎರಡನೇ ಸಲ ಸುತ್ತಿದ್ದು ಬಣ್ಣದ ದಾರದಲ್ಲಿ. ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲರ ಜಯಂತಿಗೆ ಜನ ಸೇರಿದಾಗ ಕಸೂತಿ ಸಾಮಾನು ಮಾರುವವರ ಹತ್ತಿರ ಕೊಂಡದ್ದು. ಅದು ಅಷ್ಟು ಚೆನ್ನಾಗಿ ಬರಲಿಲ್ಲ, ಕಸೂತಿ ದಾರದ ಹುರಿ ಸಡಿಲ, ವಾರದೊಳಗೆ ಜುಂಗಾಯಿತು. ನಾನದನ್ನು ಸುತ್ತಿದ್ದು ಚೆಂದಕ್ಕೆ ಮಾತ್ರ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಇದನ್ನು ಒಪ್ಪಿಕೊಂಡದ್ದು ಇನ್ನೊಂದು ಕಡೆಯವರ ಜೊತೆ ಜಗಳ ಬಾಕಿ ಇದೆ ಅಂತ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ, ಪೂಲ್ ಆಡುತ್ತಾನೆ. ಮೊನ್ನೆ ಸಾವಿರಗಟ್ಟಲೆ ಕೊಟ್ಟು ಕೋಲಿಗೆ ಹಲ್ಲಿಯ ಮೈಯಂಥ ಅಚ್ಚಿನ ಚರ್ಮ ಹಾಕಿಸಿದ. ‘ಮಾವ, ಕಸ್ಟಮ್ ಮಾಡಿಸ್ದೆ’ ಅಂದ. ಎಷ್ಟು ದಪ್ಪದ ಚರ್ಮ, ತಕ್ಕಡಿ ಎಲ್ಲಿಗೆ ಸರಿಯಿತು ಅಂದರೆ ಗೊತ್ತಿಲ್ಲ. ಅವನು ಆರಿಸಿದ್ದು ಬಣ್ಣ ಮತ್ತು ಅಚ್ಚು, ಕೈಯನ್ನು ಅವನು ಕೇಳಲೇ ಇಲ್ಲ. ಈ ಹುಚ್ಚಿಗೂ ಇತಿಹಾಸ ಇದೆ. 1986ರಲ್ಲಿ ‘ದಿ ಕಲರ್ ಆಫ್ ಮನಿ’ ಅಂತ ಸಿನಿಮಾ ಬಂತು. ಅದರಲ್ಲಿ ಜಾರ್ಜ್ ಬಾಲಬುಷ್ಕ ಎಂಬ ಪ್ರಸಿದ್ಧ ಕುಶಲಕರ್ಮಿ ಮಾಡಿದ್ದು ಅಂತ ಹೇಳಿ ಒಂದು ಕೋಲನ್ನು ದೇವರ ಹಾಗೆ ತೋರಿಸುತ್ತಾರೆ. ನಿಜವಾಗಿ ಅದು ಬಾಲಬುಷ್ಕನ ಕೋಲಲ್ಲ, ಜಾಸ್ ಕಂಪನಿಯದು, ಅವನದರ ಹಾಗೆ ಕಾಣಲಿ ಅಂತ ಆರಿಸಿದ್ದು. ಅಷ್ಟಾದರೂ ಜನ ಬಾಲಬುಷ್ಕ ಹೆಸರಿನ ಹಿಂದೆ ಬಿದ್ದರು. ಹೆಸರು ಕೊಂಡರೆ ಹೊಡೆತವೂ ಜೊತೆಗೆ ಬರುತ್ತದೆ ಅನ್ನುವ ಭ್ರಮೆ ಅದು. ನಮ್ಮ ಕಡೆ ‘ಹೊನ್ನಾಳಿ ಹೊಡೆತ’ ಅನ್ನುವ ಮಾತಿದೆ. ಅದನ್ನು ಮಾತ್ರ ಯಾವ ಅಂಗಡಿಯಲ್ಲೂ ಪ್ಯಾಕ್ ಮಾಡಿ ಮಾರಿದ್ದು ನಾನು ನೋಡಿಲ್ಲ.

ಹಾಗಾಗಿ ಮಾಲೀಕರು ಬ್ಲೇಡಿನಿಂದ ಕಸಿದುಕೊಂಡದ್ದನ್ನೇ ಮಾರುಕಟ್ಟೆ ಇನ್ನೊಂದು ದಾರಿಯಲ್ಲಿ ಕಸಿದುಕೊಳ್ಳುತ್ತಿದೆ. ಒಬ್ಬರು ಸುತ್ತಬೇಡ ಅನ್ನುತ್ತಾರೆ, ಇನ್ನೊಬ್ಬರು ನಾವೇ ಸುತ್ತಿ ಕೊಡುತ್ತೇವೆ, ನೀನು ಬಣ್ಣ ಹೇಳು ಸಾಕು ಅನ್ನುತ್ತಾರೆ. ಎರಡರಲ್ಲೂ ಕೈಗೆ ಮಾತಿಲ್ಲ. ಅಕ್ಕನ ಮಗನಿಗೆ ಆ ಚರ್ಮ ಕಿತ್ತು ಎಸಿ ಅಂತ ನಾನು ಹೇಳಲಿಲ್ಲ, ಅವನ ದುಡ್ಡು. ಒಂದು ಉಂಡೆ ದಾರ ಕೊಟ್ಟು, ಹಳೆಯ ಕೋಲಿಗೆ ಒಂದು ಸಲ ನೀನೇ ಸುತ್ತಿ ಆಡಿ ನೋಡ್ಲಾ ಅಂದೆ. ಸುತ್ತಿದನೋ ಇಲ್ಲವೋ ಫೋನಿನಲ್ಲಿ ಹೇಳಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಪೂಲ್ ಅಂಗಡಿಯವರು ಟೇಪು, ಗೋಂದು ಬೇಡ ಅನ್ನಲಿ, ದಾರಕ್ಕೆ ಬಿಡಲಿ. ಆರರಲ್ಲಿ ಎರಡು ಕೋಲು ಬರಿ ಮರ ಇಟ್ಟು ನಾಲ್ಕನ್ನು ಹುಡುಗರಿಗೆ ಒಪ್ಪಿಸಿದರೆ ಯಾರ ಗಂಟೂ ಹೋಗುವುದಿಲ್ಲ. ದೋಟಿಗೆ, ಗುದ್ದಲಿಗೆ, ಕಳೆ ಕೊಚ್ಚುವ ಯಂತ್ರಕ್ಕೆ ಸಬ್ಸಿಡಿ ಕೊಡುವವರು ಎರಡು ಅಳತೆಯ ಹಿಡಿ ಇಲ್ಲದ ಸಾಮಾನಿಗೆ ದುಡ್ಡು ಕೊಡದಿರಲಿ. ಅಡಿಕೆ ಇನ್ನೂ ಕೈಯಲ್ಲಿ ಸುಲಿಸುವ ಕಡೆ ಬೆರಳಿಗೆ ಸುತ್ತುವ ಬಟ್ಟೆ ಒಡೆಯರ ಖರ್ಚಾಗಲಿ, ಸುತ್ತಿಕೊಳ್ಳುವ ಹೊತ್ತು ಕೂಲಿಯ ಹೊತ್ತಾಗಲಿ. ಈ ಕೊನೆಯದನ್ನು ಓದಿ ಯಾರಾದರೂ ನಕ್ಕರೆ, ಅವರು ಒಂದು ಸಂಜೆ ಮಣೆ ಮುಂದೆ ಬರಿಗೈಯಲ್ಲಿ ಕೂತು ಹತ್ತು ಕಾಯಿ ಸುಲಿದು ಬಂದು ಆಮೇಲೆ ನಗಲಿ.

ಸಾಹಿತ್ಯದ ಗೆಳೆಯರಿಗೆ ಮೊನ್ನೆ ಅವರ ಒಂದು ಪೆನ್ನಿನ ಕುತ್ತಿಗೆಗೆ ಎಂಟು ಸುತ್ತು ದಾರ ಸುತ್ತಿ ಕೊಟ್ಟೆ, ಗಂಟಿಲ್ಲದೆ. ಹೇಗೆ ಮಾಡಿದಿರಿ, ಇದಕ್ಕೇನಾದರೂ ಹೆಸರಿದೆಯಾ ಅಂತ ಕೇಳಿದರು. ಜಗಳೂರಿನವರೊಬ್ಬರು ಕಲಿಸಿದ್ದು ಅಂದೆ. ಹೆಸರು ಅವರಿಗೂ ಗೊತ್ತಿರಲಿಲ್ಲ, ಸುಗ್ಗಿ ಮುಗಿಸಿ ಅವರು ಊರಿಗೆ ಹೋದ ಮೇಲೆ ನಾನು ಮತ್ತೆ ನೋಡಿಲ್ಲ. ದಂಡದ 200 ರೂಪಾಯಿಯನ್ನೂ ಇನ್ನೂ ಕೊಟ್ಟಿಲ್ಲ. ಬ್ಲೇಡಿನ ಗೀರು ಬಿದ್ದ ಆ ಕೋಲನ್ನು ಕೊಡುವುದಾದರೆ ಇವತ್ತೇ ಕೊಡುತ್ತೇನೆ.